ಮರುಭೂಮಿಯಲ್ಲಿ ಅನ್‌ಲಿಮಿಟೆಡ್ ಊಟ

ಲಾಸ್ ಏಂಜಲಿಸ್ ಬಿಟ್ಟು ಬಾರ್‌ಸ್ಟೋ ದಾಟಿದ ಮೇಲೆ ಲಾಸ್ ವೇಗಸ್ ಹೆದ್ದಾರಿಯ ಎರಡೂ ಬದಿಯಲ್ಲಿ ಮನುಷ್ಯ ತಿನ್ನುವಂಥದ್ದೇನೂ ಬೆಳೆದಂತೆ ಕಾಣುವುದಿಲ್ಲ. ಮೊಹಾವಿ ಮರುಭೂಮಿ ಸಿನಿಮಾದಲ್ಲಿ ಕಾಣುವ ಮರಳು ದಿಬ್ಬಗಳ ಮರುಭೂಮಿಯಲ್ಲ. ಕಲ್ಲು, ಜಲ್ಲಿ, ಬೂದಿ ಬಣ್ಣದ ಕುರುಚಲು, ಅಲ್ಲಲ್ಲಿ ತೋಳೆತ್ತಿ ನಿಂತ ಜೋಶುವಾ ಮರ. ಬೇಕರ್ ಎಂಬ ಪುಟ್ಟ ಊರಿನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ಒಂದನ್ನು ನೆಟ್ಟಿದ್ದಾರೆ. 1913ರಲ್ಲಿ ಹತ್ತಿರದ ಡೆತ್ ವ್ಯಾಲಿಯಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 57 ಡಿಗ್ರಿ ಸೆಲ್ಸಿಯಸ್ ಬಿಸಿಲಿಗೆ ಅದು ಸ್ಮಾರಕ. ಮುಂದೆ ಸಿಗುವ ಲಾಸ್ ವೇಗಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನೂರು ಮಿಲಿಮೀಟರ್ ಆಸುಪಾಸು. ನಾವು ಬರದ ಸೀಮೆ ಎಂದು ಮರುಗುವ ಚಳ್ಳಕೆರೆಯ ಕಡೆಯೂ ಅದರ ನಾಲ್ಕು ಪಟ್ಟು ಬೀಳುತ್ತದೆ. ವೇಗಸ್‌ಗೆ ಜೀವ ಕೊಟ್ಟಿದ್ದ ನೈಸರ್ಗಿಕ ಚಿಲುಮೆಗಳು 1962ರ ಹೊತ್ತಿಗೆ ಬತ್ತಿಹೋದವು. ಇಂಥ ನೆಲದಲ್ಲಿ, ಒಂದು ಸೊಪ್ಪಿನ ಕಟ್ಟೂ ನೂರಾರು ಮೈಲಿ ಲಾರಿಯಲ್ಲಿ ಬರಬೇಕಾದ ಕಡೆ, ಒಮ್ಮೆ ದುಡ್ಡು ಕೊಟ್ಟು ಎಷ್ಟು ಬೇಕಾದರೂ ತಿನ್ನಿ ಎನ್ನುವ ಬಫೆ ಊಟ ಊರಿನ ಗುರುತೇ ಆಗಿಬಿಟ್ಟಿತು. ಮರಳಿ ಬಂದ ಮೇಲೆ ಜೂಜಿನ ಸದ್ದು, ದೀಪದ ಜಾತ್ರೆ ಬೇಗ ಮಾಸುತ್ತವೆ. ಬಫೆ ಮಾತ್ರ ತಲೆಯಲ್ಲಿ ಉಳಿಯುತ್ತದೆ. ಅಲ್ಲಿನ ಸುಖ ಸುಳ್ಳಲ್ಲ, ಅಲ್ಲಿನ ಕಸಿವಿಸಿಯೂ ಸುಳ್ಳಲ್ಲ. ಈ ಎರಡಕ್ಕೂ ಕಾರಣ ಒಂದೇ ಇರಬಹುದೇ ಎನ್ನುವುದು ಇಲ್ಲಿನ ವಿಚಾರ.

ಅಮೆರಿಕದಲ್ಲಿ ಬಫೆಯ ಬೇರು ವೇಗಸ್‌ಗಿಂತಲೂ ಹಿಂದಕ್ಕೆ ಹೋಗುತ್ತದೆ. ಸ್ವೀಡನ್ನಿನ ಸ್ಮಾರ್ಗಾಸ್‌ಬೋರ್ಡ್ ಮೇಜು 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರನ್ನು ಬೆರಗುಗೊಳಿಸಿತ್ತು. ಅದನ್ನು ಜೂಜಿನ ಜೊತೆ ಬೆಸೆದದ್ದು ವೇಗಸ್. ಇಂದು ಸ್ಟ್ರಿಪ್ ಎಂದು ಹೆಸರಾದ ರಸ್ತೆಯ ಮೊದಲ ಹೋಟೆಲ್ ಎಲ್ ರಾಂಚೋ ವೇಗಸ್ 1941ರಲ್ಲಿ ತೆರೆಯಿತು. ಅಲ್ಲಿನ ಪ್ರಚಾರದ ಕೆಲಸ ನೋಡುತ್ತಿದ್ದ ಹರ್ಬ್ ಮೆಕ್‌ಡೊನಾಲ್ಡ್ 1940ರ ದಶಕದ ನಡುವೆ ಒಂದು ರಾತ್ರಿ ತನಗೆ ಸ್ಯಾಂಡ್‌ವಿಚ್ ಮಾಡಿಕೊಳ್ಳಲು ಚೀಸು, ಮಾಂಸದ ಹೋಳು ತಂದು ಬಾರಿನ ಮೇಲಿಟ್ಟನಂತೆ. ಹಸಿದ ಜೂಜುಗಾರರು ಮುತ್ತಿಕೊಂಡರಂತೆ. ಊರವರು ಹೇಳಿಕೊಂಡು ಬಂದ ಕಥೆ ಇದು. ಎಷ್ಟು ನಿಜವೋ, ಆದರೆ ಅಲ್ಲಿಂದ ಮುಂದಿನದು ವ್ಯವಹಾರ. ಒಂದು ಡಾಲರಿಗೆ ನಡುರಾತ್ರಿಯ ಊಟ, ಎಷ್ಟು ಬೇಕಾದರೂ. ಊಟದಲ್ಲಿ ಆದ ನಷ್ಟವನ್ನು ಮಾಲೀಕರು ಜೂಜಿನ ಮೇಜಿನಲ್ಲಿ ತುಂಬಿಕೊಂಡರು. ಹಸಿವಾದ ಮನುಷ್ಯ ಎದ್ದು ಹೊರಗೆ ಹೋದರೆ ತಿರುಗಿ ಬರುವ ಖಾತ್ರಿ ಇಲ್ಲ. ಒಳಗೇ ತಿಂದರೆ ಒಳಗೇ ಉಳಿಯುತ್ತಾನೆ. ಹಾಗಾಗಿ ವೇಗಸ್ ಬಫೆ ಹುಟ್ಟಿನಿಂದಲೇ ಊಟದ ವ್ಯಾಪಾರವಾಗಿರಲಿಲ್ಲ, ಗಿರಾಕಿಯನ್ನು ಕದಲದಂತೆ ಕೂರಿಸುವ ಉಪಾಯವಾಗಿತ್ತು. ಇದನ್ನು ಬೈಯುವ ಮೊದಲು ಒಂದು ಮಾತು: ಇದೇ ಉಪಾಯದಿಂದ ಎರಡು ತಲೆಮಾರಿನ ಸಾಧಾರಣ ಅಮೆರಿಕನ್ನರು, ಬೇರೆ ಕಡೆ ಬಾಗಿಲಲ್ಲೇ ಹಿಂಜರಿಯುತ್ತಿದ್ದವರು, ಸೀಗಡಿಯನ್ನೂ ಒಳ್ಳೆಯ ಮಾಂಸವನ್ನೂ ಸಂಕೋಚವಿಲ್ಲದೆ ತಿಂದರು.

ಬಫೆಗೆ ಹೋಗುವ ದಾರಿ ಇಂದಿಗೂ ಕ್ಯಾಸಿನೋದ ಒಳಗಿಂದಲೇ. ಸ್ಲಾಟ್ ಯಂತ್ರಗಳ ನಡುವೆ ಸುತ್ತಿ ಸುತ್ತಿ ನಡೆಸುತ್ತಾರೆ. ಹಗಲೋ ರಾತ್ರಿಯೋ ಗೊತ್ತಾಗಲು ಒಂದು ಕಿಟಕಿ ಸಿಗುವುದಿಲ್ಲ. ಆಮೇಲೆ ಸಾಲು, ಆಮೇಲೆ ಕಾಸು, ಆಮೇಲೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ಬೆಳಕಿನ ಹಜಾರ. ಸೀಸರ್ಸ್ ಪ್ಯಾಲೇಸ್‌ನಲ್ಲಿ 2012ರಲ್ಲಿ ಶುರುವಾದ ಬ್ಯಾಕನಾಲ್ ಬಫೆಯಂಥ ಕಡೆ ಅಡುಗೆಮನೆಗಳನ್ನೇ ಗಿರಾಕಿಯ ಕಣ್ಣೆದುರು ತೆರೆದಿಟ್ಟಿದ್ದಾರೆ: ಇಲ್ಲಿ ಮೆಕ್ಸಿಕೊ, ಅಲ್ಲಿ ಇಟಲಿ, ಆಚೆ ಚೀನಾ, ಜಪಾನ್, ಕೊನೆಗೆ ಗಾಜಿನ ಹಿಂದೆ ಬೆರಳುದ್ದದ ಕೇಕುಗಳ ಒಂದು ಊರೇ. ಪಳಗಿದವರು ಮೊದಲ ಸುತ್ತಿನಲ್ಲಿ ತಟ್ಟೆ ಮುಟ್ಟುವುದಿಲ್ಲ. ಕೈ ಹಿಂದೆ ಕಟ್ಟಿಕೊಂಡು, ತೇರು ನೋಡಲು ಹೋದ ಹಿರಿಯರ ಹಾಗೆ ಒಂದು ಪ್ರದಕ್ಷಿಣೆ ಹಾಕಿ ಬರುತ್ತಾರೆ. ಬಫೆಯ ನಿಜವಾದ ಸುಖ ಈ ಸುತ್ತಿನಲ್ಲಿಯೇ ಇದೆ, ತಿನ್ನುವುದರಲ್ಲಿ ಅಷ್ಟಿಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲವೂ ಎದುರಿಗಿದೆ, ಯಾವುದೂ ಇನ್ನೂ ಕೈತಪ್ಪಿಲ್ಲ. ಮೆನು ಹಿಡಿದು ಕೂತವನು ಒಂದನ್ನು ಆರಿಸಿದ ಕ್ಷಣವೇ ಉಳಿದ ಇಪ್ಪತ್ತನ್ನು ಬಿಟ್ಟಿರುತ್ತಾನೆ. ಪಕ್ಕದ ಮೇಜಿನ ತಟ್ಟೆ ನೋಡಿ ಕೊರಗುವುದೂ ಇದ್ದದ್ದೇ. ಬಫೆಯಲ್ಲಿ ಆ ಕೊರಗಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿರುವ ಮಕ್ಕಳನ್ನು ನೋಡಲು ಬೆಂಗಳೂರು, ಮೈಸೂರು, ಶಿವಮೊಗ್ಗಗಳಿಂದ ಹೋಗುವ ತಂದೆ-ತಾಯಂದಿರನ್ನು ಗ್ರ್ಯಾಂಡ್ ಕ್ಯಾನಿಯನ್‌ಗೆ ಕರೆದೊಯ್ಯುವಾಗ ವೇಗಸ್‌ನಲ್ಲಿ ಇಳಿಸುವುದು ಈಗ ವಾಡಿಕೆ. ಆ ತಾಯಂದಿರ ಕಡೆಯಿಂದ ನೋಡಿದರೆ ಬಫೆಯ ಬೆಲೆ ತಿಳಿಯುತ್ತದೆ. ಸಸ್ಯಾಹಾರಿಗೆ ಅಮೆರಿಕದ ಮೆನು ಒಂದು ಪರೀಕ್ಷೆ: ಅರೆದ ಬೀನ್ಸ್ ಕಾಳಿನಲ್ಲಿ ಹಂದಿ ಕೊಬ್ಬು ಇರಬಹುದು, ತರಕಾರಿ ಸೂಪಿನ ತಳದಲ್ಲಿ ಕೋಳಿ ಬೇಯಿಸಿದ ನೀರು, ಬಣ್ಣದ ಜೆಲ್ಲಿಯಲ್ಲಿ ಜಿಲಾಟಿನ್. ಇದನ್ನೆಲ್ಲ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಸರ್ವರ್‌ಗೆ ಕೇಳಬೇಕು. ಅವನು ಒಳಗೆ ಹೋಗಿ ಕೇಳಿಕೊಂಡು ಬರಬೇಕು. ಅಷ್ಟರಲ್ಲಿ ಮಗ ಮುಜುಗರದಿಂದ ‘ಅಮ್ಮಾ, ಸುಮ್ನೆ ಸಲಾಡ್ ತಗೋ’ ಎನ್ನಬೇಕು. ಬಫೆಯಲ್ಲಿ ಈ ವಿಚಾರಣೆ ಬಹುಮಟ್ಟಿಗೆ ತಪ್ಪುತ್ತದೆ. ಕಣ್ಣಾರೆ ನೋಡಿ, ಚೀಟಿ ಓದಿ, ಅನುಮಾನ ಬಂದದ್ದನ್ನು ದಾಟಿ ಮುಂದೆ ಹೋಗಬಹುದು. ಒಂದು ಚಮಚ ಹಾಕಿಕೊಂಡು ಹಿಡಿಸದಿದ್ದರೆ ಯಾರಿಗೂ ಸಬೂಬು ಹೇಳಬೇಕಾಗಿಲ್ಲ. ಅನ್ನ, ಬೇಯಿಸಿದ ತರಕಾರಿ, ಮೊಸರಿನಂಥದ್ದೇನೋ ಸೇರಿಸಿ ತನ್ನದೇ ಊಟ ಕಟ್ಟಿಕೊಳ್ಳಬಹುದು. ಬಫೆ ಎಂದರೆ ಹೊಟ್ಟೆಬಾಕರ ಜಾಗ ಎಂದು ಮೂಗು ಮುರಿಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಊಟದ ಮನೆಗಳಲ್ಲಿ ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು. ಬಫೆ ಆ ಕೇಳುವಿಕೆಯನ್ನೇ ತೆಗೆದುಹಾಕುತ್ತದೆ. ಅದರ ಸುಖದ ಮೂಲ ಇಷ್ಟೇ.

ಕೇಳಿ ಪಡೆಯುವುದರಲ್ಲಿ ಅವಮಾನದ ಸಾಧ್ಯತೆ ಯಾವಾಗಲೂ ಇರುತ್ತದೆ. ಬಡಿಸುವವನಿಗೆ ನಿಮ್ಮನ್ನು ದಾಟಿ ಹೋಗುವ ಅಧಿಕಾರವಿದೆ, ಕಡಿಮೆ ಹಾಕುವ ಅಧಿಕಾರವಿದೆ, ನೀನು ಆ ಸಾಲಿನಲ್ಲಿ ಕೂರು ಎನ್ನುವ ಅಧಿಕಾರವೂ ಇತ್ತು. ಕರ್ನಾಟಕದಲ್ಲಿ ಪಂಕ್ತಿಭೇದದ ವಿರುದ್ಧ ಹೋರಾಟ ನಡೆದದ್ದು ಹಳೆಯ ಇತಿಹಾಸವೇನಲ್ಲ. ಮದುವೆ ಮನೆಗಳಲ್ಲಿ ಬಫೆ ಬಂದಾಗ ನಿಂತು ತಿನ್ನುವುದು ದನಕರುಗಳ ಪದ್ಧತಿ ಎಂದು ಹಿರಿಯರು ಗೊಣಗಿದರು, ನಿಜ. ಆದರೆ ಮೊದಲ ಪಂಕ್ತಿ ಯಾರದು, ಕೊನೆಯ ಪಂಕ್ತಿಗೆ ಉಳಿದವರು ಯಾರು ಎಂಬ ಪ್ರಶ್ನೆಯೂ ಅದರೊಂದಿಗೇ ಅಳಿಸಿಹೋಯಿತು ಎಂಬುದನ್ನು ಆ ಕೊನೆಯ ಪಂಕ್ತಿಯವರು ಗೊಣಗದೆ ಗಮನಿಸಿರುತ್ತಾರೆ. ಹಾಗೆಂದು ಬಫೆಯೇ ಸಮಾನತೆ ತರುತ್ತದೆ ಎನ್ನುವುದೂ ಅವಸರವಾದೀತು. ವೇಗಸ್‌ನ ಕಥೆಯೇ ಅದಕ್ಕೆ ಅಡ್ಡ ಬರುತ್ತದೆ. ಎಷ್ಟು ಬೇಕಾದರೂ ತಿನ್ನಿ ಎಂದು ಜಾಹೀರಾತು ಹಾಕುತ್ತಿದ್ದ ಆ ದಿನಗಳಲ್ಲಿ ಸ್ಟ್ರಿಪ್‌ನ ಹೋಟೆಲುಗಳು ಕಪ್ಪು ವರ್ಣೀಯರನ್ನು ಒಳಗೆ ಬಿಡುತ್ತಿರಲಿಲ್ಲ. ಸ್ಯಾಮಿ ಡೇವಿಸ್ ಜೂನಿಯರ್, ನ್ಯಾಟ್ ಕಿಂಗ್ ಕೋಲ್ ಅಂಥವರು ವೇದಿಕೆಯ ಮೇಲೆ ಹಾಡಿ, ಊಟ-ನಿದ್ದೆಗೆ ಊರಿನ ಪಶ್ಚಿಮದ ಕೇರಿಗೆ ಹೋಗಬೇಕಿತ್ತು. 1960ರ ಮಾರ್ಚ್‌ನಲ್ಲಿ, ಪ್ರತಿಭಟನಾ ಮೆರವಣಿಗೆಯ ಬೆದರಿಕೆಗೆ ಮಣಿದು, ಹೋಟೆಲುಗಳು ಬಾಗಿಲು ತೆರೆಯಲು ಒಪ್ಪಿದವು. ಬಫೆ ಹುಟ್ಟಿದ ಎಲ್ ರಾಂಚೋ ಅದೇ ಜೂನ್‌ನಲ್ಲಿ ಸುಟ್ಟುಹೋಯಿತು. ಬಡಿಸುವವನನ್ನು ತೆಗೆದ ಮಾತ್ರಕ್ಕೆ ಬಾಗಿಲು ಕಾಯುವವನು ಹೋಗುವುದಿಲ್ಲ.

ಇನ್ನು ಕಸಿವಿಸಿಯ ವಿಷಯ. ಹಜಾರದಲ್ಲಿ ಒಂದು ಜಾಗ ಮಾತ್ರ ಉಳಿದೆಲ್ಲಕ್ಕಿಂತ ಬೇರೆ. ಪ್ರೈಮ್ ರಿಬ್ ಎಂಬ ದಪ್ಪ ದನದ ಮಾಂಸದ ಮುದ್ದೆ ಕೆಂಪು ದೀಪದ ಕೆಳಗೆ ಹಲಗೆಯ ಮೇಲೆ ಕೂತಿರುತ್ತದೆ. ಅದರ ಹಿಂದೆ ಬಿಳಿ ಟೋಪಿಯವನೊಬ್ಬ ಉದ್ದನೆಯ ಚೂರಿ ಹಿಡಿದು ನಿಂತಿರುತ್ತಾನೆ. ಅಲ್ಲಿ ತಾನೇ ಹಾಕಿಕೊಳ್ಳುವಂತಿಲ್ಲ. ತಟ್ಟೆ ಚಾಚಬೇಕು; ಅವನು ಒಂದು ಹೋಳು ಕೊಯ್ದು ಹಾಕುತ್ತಾನೆ, ತುಸು ನಿಲ್ಲುತ್ತಾನೆ, ಮುಖ ನೋಡುತ್ತಾನೆ. ಇನ್ನೊಂದು ಬೇಕಿದ್ದರೆ ಬಾಯಿಬಿಟ್ಟು ಹೇಳಬೇಕು, ಹಿಂದೆ ಸಾಲಿನಲ್ಲಿ ಜನ ಕಾದಿರುತ್ತಾರೆ. ಹೆಚ್ಚಿನವರು ಒಂದಕ್ಕೇ ಥ್ಯಾಂಕ್ಸ್ ಹೇಳಿ ಸರಿಯುತ್ತಾರೆ. ಅದೇ ಜನ ಬ್ರೆಡ್ಡು, ಪಾಸ್ತಾ, ಆಲೂಗಡ್ಡೆ ಮುದ್ದೆಯ ಮುಂದೆ ಅಷ್ಟು ಸಂಕೋಚಪಡುವುದಿಲ್ಲ. ಅಲ್ಲಿ ದೊಡ್ಡ ಸೌಟು, ನೋಡುವವರಿಲ್ಲ. ಅಗ್ಗದ್ದಕ್ಕೆ ಸೌಟು, ದುಬಾರಿಯದಕ್ಕೆ ಮನುಷ್ಯ: ಬಫೆಯ ಇಡೀ ಲೆಕ್ಕಾಚಾರ ಈ ವ್ಯವಸ್ಥೆಯಲ್ಲಿದೆ. ಬಡಿಸುವವನ ಮುಖವೇ ಅತಿ ದೊಡ್ಡ ಮಿತಿ ಎಂಬುದು ಬಫೆ ನಡೆಸುವವರಿಗೆ ಚೆನ್ನಾಗಿ ಗೊತ್ತು. ಎಲ್ಲಿ ಮಿತಿ ತಮಗೆ ಬೇಕೋ ಅಲ್ಲಿ ಅವನನ್ನು ನಿಲ್ಲಿಸಿದ್ದಾರೆ. ಎಲ್ಲಿ ಬೇಡವೋ ಅಲ್ಲಿಂದ ತೆಗೆದಿದ್ದಾರೆ. ಸಾಲಿನ ಆರಂಭದಲ್ಲಿ ಹೊಟ್ಟೆ ತುಂಬುವ ಅಗ್ಗದ ಪದಾರ್ಥ, ಕೈಯಲ್ಲಿ ಚಿಕ್ಕ ತಟ್ಟೆ, ಈಚೆಗೆ ಕೆಲವು ಕಡೆ ಒಂದೂವರೆ ಗಂಟೆಯ ಗಡುವು. ಹೀಗೆ ನೋಡಿದರೆ ಅನ್‌ಲಿಮಿಟೆಡ್ ಎಂಬ ಊಟದಲ್ಲಿ ಮಿತಿಗಳಿಗೆ ಬರವಿಲ್ಲ. ಹೋಟೆಲಿನ ಯಜಮಾನನ ಲಾಭ ಕಾಯುವ ಮಿತಿಗಳೆಲ್ಲ ಇವೆ. ಉಣ್ಣುವವನ ಹೊಟ್ಟೆ ಕಾಯುವ ಮಿತಿ ಒಂದೂ ಇಲ್ಲ.

ತಿನ್ನುವವರು ಮಕ್ಕಳಲ್ಲವಲ್ಲ, ಸಾಕೆನಿಸಿದಾಗ ನಿಲ್ಲಿಸಲಿ ಎನ್ನಬಹುದು. ಸ್ವಂತ ಬುದ್ಧಿಯ ಮೇಲೆ ಇಷ್ಟು ಭಾರ ಹೊರಿಸುವ ಮೊದಲು, 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಷ್ಟು ಹಿಂದೆಯೇ ವಿವರಿಸಿದ್ದ ಪುಟ್ಟ ಪ್ರಯೋಗವೊಂದನ್ನು ನೆನೆಯಬೇಕು. ಎಷ್ಟು ಬೇಕಾದರೂ ತಿನ್ನುವ ಪಿಜ್ಜಾ ಊಟದಲ್ಲಿ ಕೆಲವರಿಗೆ ಕೊಟ್ಟ ಹಣ ವಾಪಸು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಪಿಜ್ಜಾ ಅದೇ, ಹಸಿವು ಅದೇ. ಹಣ ಹಿಂದೆ ಬಂದವರು ಕಡಿಮೆ ತಿಂದರು. ಕೊಟ್ಟ ದುಡ್ಡು ವಸೂಲು ಮಾಡುವ ಹಟ ಹೊಟ್ಟೆಯ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ಎಳೆ ನಾಲಿಗೆಯದು. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದಂತೆ, ಒಂದೇ ಬಗೆಯ ಹೂರಣದ ಸ್ಯಾಂಡ್‌ವಿಚ್ ಕೊಟ್ಟಾಗಿನದಕ್ಕಿಂತ ನಾಲ್ಕು ಬಗೆಯದನ್ನು ಒಂದಾದಮೇಲೊಂದು ಕೊಟ್ಟಾಗ ಜನ ಮೂರನೇ ಒಂದು ಪಾಲಿನಷ್ಟು ಹೆಚ್ಚು ತಿಂದರು. ಒಂದು ರುಚಿಗೆ ನಾಲಿಗೆ ಬೇಸತ್ತರೂ ಹೊಸ ರುಚಿಗೆ ಮತ್ತೆ ಎಚ್ಚರಗೊಳ್ಳುತ್ತದೆ. ಬಫೆಯ ವಿಷಯದಲ್ಲಿ ಇನ್ನೂ ಬಣ್ಣ ಬಣ್ಣದ ಸಂಶೋಧನೆಗಳು ಬಂದಿದ್ದವು. ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯನ್ ವಾನ್‌ಸಿಂಕ್ ಅವರ ಪಿಜ್ಜಾ ಬಫೆ ಅಧ್ಯಯನಗಳನ್ನು ಪತ್ರಿಕೆಗಳು ಎತ್ತಿ ಆಡಿಸಿದ್ದವು. ಆ ಅಂಕಿಗಳಲ್ಲಿ ತಾಳೆ ತಪ್ಪಿದ್ದು ಬಯಲಾಗಿ, ಅವರ ಹಲವು ಪ್ರಬಂಧಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡವು, 2018ರಲ್ಲಿ ಅವರು ರಾಜೀನಾಮೆ ಘೋಷಿಸಿದರು. ಹಾಗಾಗಿ ಈ ವಿಷಯದಲ್ಲಿ ಎಲ್ಲವನ್ನೂ ನಂಬುವಂತಿಲ್ಲ. ಆದರೂ ಉಳಿದುಕೊಂಡ ಎರಡು ಸಂಗತಿಗಳು, ದುಡ್ಡಿನ ಹಟ ಮತ್ತು ರುಚಿಯ ವೈವಿಧ್ಯ, ಬಫೆಯಲ್ಲಿ ಒಟ್ಟಿಗೇ ಸೇರಿವೆ. ಸಾಕು ಎನ್ನಬೇಕಾದವನ ಬಾಯಿಯನ್ನೇ ಎರಡೂ ಕಡೆಯಿಂದ ಕಟ್ಟಿದ ಹಾಗೆ.

ಮೂರನೆಯ ಸುತ್ತು ಮುಗಿಸಿದವರ ಮೇಜಿನ ಮೇಲೆ ಕಣ್ಣಾಡಿಸಿದರೆ ಇದು ಕಾಣುತ್ತದೆ. ಒಂದೇ ತಟ್ಟೆಯಲ್ಲಿ ಸುಶಿಯ ತುಂಡು, ಅದಕ್ಕೆ ತಾಗಿಕೊಂಡ ಮಕರೋನಿ, ಅವೆರಡರ ಅಡಿಗೆ ಹರಿದುಹೋದ ಕೆಂಪು ಸಾಲ್ಸಾ. ಚಾಕೊಲೇಟ್ ಕೇಕಿನ ಒಂದು ಮೂಲೆ ಮಾತ್ರ ಕಚ್ಚಿ ಬಿಟ್ಟದ್ದು. ತಟ್ಟೆ ಎತ್ತುವ ಕೆಲಸದವರು, ಬಹಳಷ್ಟು ಮಂದಿ ಲ್ಯಾಟಿನ್ ಅಮೆರಿಕದಿಂದಲೋ ಫಿಲಿಪೀನ್ಸ್‌ನಿಂದಲೋ ಬಂದ ಹೆಂಗಸರು, ಆ ಉಳಿಕೆಗಳನ್ನು ಒಂದು ತಟ್ಟೆಗೆ ಸರಿಸಿ ಉಳಿದವನ್ನು ಅದರಡಿಗೆ ಪೇರಿಸಿ ಒಂದೇ ಕೈಯಲ್ಲಿ ಎತ್ತಿ ಹೋಗುತ್ತಾರೆ. ಗಿರಾಕಿ ಮರಳಿ ಬರುವಷ್ಟರಲ್ಲಿ ಮೇಜು ಸ್ವಚ್ಛ. ತಾನು ಬಿಟ್ಟದ್ದೆಷ್ಟು ಎಂಬ ಸಾಕ್ಷಿಯೇ ಕಣ್ಣೆದುರು ಉಳಿಯುವುದಿಲ್ಲ. ನಮ್ಮ ಎಲೆಯಲ್ಲಿ ಬಿಟ್ಟದ್ದು ಊಟ ಮುಗಿಯುವವರೆಗೂ ಎದುರಿಗೇ ಇರುತ್ತದೆ, ಪಕ್ಕದವರೂ ನೋಡುತ್ತಾರೆ. ರುಚಿಯ ವಿಷಯದಲ್ಲೂ ಬಫೆ ಕೊನೆಗೆ ಸೋಲುತ್ತದೆ. ಬಿಸಿ ಪದಾರ್ಥವನ್ನು 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲು ಬಿಡಬಾರದು ಎಂಬುದು ಅಲ್ಲಿನ ಆಹಾರ ಸುರಕ್ಷತೆಯ ಮಾದರಿ ನಿಯಮ. ಸುರಕ್ಷತೆಗೆ ಒಳ್ಳೆಯದು, ಹುರಿದ ಮೀನಿಗೆ ಅಲ್ಲ. ಹಬೆಯ ತಟ್ಟೆಯಲ್ಲಿ ಅರ್ಧ ಗಂಟೆ ಕೂತ ಯಾವ ಕರಿದ ತಿಂಡಿಗೂ ಗರಿಗರಿ ಉಳಿಯುವುದಿಲ್ಲ. ಹಾಗಾಗಿ ಬಫೆಯಲ್ಲಿ ಚೆನ್ನಾಗಿರುವುದು ನಿಂತಷ್ಟೂ ಕೆಡದ ಪದಾರ್ಥಗಳು: ಸಾರು, ಗೊಜ್ಜಿನಂಥವು, ಬೇಯಿಸಿದ ಮಾಂಸ, ತಣ್ಣನೆಯ ಸೀಗಡಿ. ಉಳಿದದ್ದರಲ್ಲಿ ಎಲ್ಲ ದೇಶದ ಅಡುಗೆಯೂ ಒಂದೇ ನಡುವಿನ ರುಚಿಗೆ ಬಂದು ನಿಲ್ಲುತ್ತದೆ, ಯಾರಿಗೂ ಖಾರವಾಗಬಾರದಲ್ಲ.

ವೇಗಸ್ ಬಫೆಯ ರಾಜಮರ್ಯಾದೆ ಏಡಿಯ ಕಾಲಿಗೆ. ಮಂಜುಗಡ್ಡೆಯ ಮೇಲೆ ಕಿತ್ತಳೆ ಬಣ್ಣದ ಉದ್ದುದ್ದ ಕಾಲುಗಳ ರಾಶಿ, ಮುಂದೆ ಅತಿ ಉದ್ದದ ಸಾಲು. ಕಾಸಿಗೆ ತಕ್ಕದ್ದು ಸಿಗುವುದು ಇಲ್ಲೇ ಎಂದು ಬಲ್ಲವರು ಬ್ರೆಡ್ಡಿನ ಕಡೆ ತಿರುಗಿಯೂ ನೋಡದೆ ಇಲ್ಲಿಗೇ ಬರುತ್ತಾರೆ. ಮೊದಲ ತಟ್ಟೆಯಲ್ಲಿ ಚಿಪ್ಪಿನ ಮೂಲೆ ಮೂಲೆಯಿಂದ ಮಾಂಸ ಹೆಕ್ಕಿ ತಿನ್ನುವವರು ಮೂರನೆಯದರಲ್ಲಿ ದಪ್ಪ ಗೆಣ್ಣು ಮಾತ್ರ ಮುರಿದು ಉಳಿದದ್ದನ್ನು ಪಕ್ಕಕ್ಕೆ ಸರಿಸುತ್ತಾರೆ. ಈ ಏಡಿ ನೆವಾಡಕ್ಕೆ ಬರುವುದು ಉತ್ತರದ ತಣ್ಣನೆಯ ಸಮುದ್ರಗಳಿಂದ. ಅಂಥ ಸಮುದ್ರಗಳಲ್ಲೊಂದಾದ ಅಲಾಸ್ಕಾದ ಬೇರಿಂಗ್ ಸಮುದ್ರದಲ್ಲಿ 2018-19ರ ಸುಮಾರಿಗೆ ಶಾಖದ ಅಲೆ ಬಂದ ಮೇಲೆ ಸ್ನೋ ಕ್ರ್ಯಾಬ್ ಎಂಬ ಏಡಿಗಳು ಸಾವಿರ ಕೋಟಿಯ ಲೆಕ್ಕದಲ್ಲಿ ಕಾಣೆಯಾದವು. ಬೆಚ್ಚಗಾದ ನೀರಿನಲ್ಲಿ ಅವುಗಳಿಗೆ ಹೆಚ್ಚು ಆಹಾರ ಬೇಕಾಗಿ, ಅದು ಸಿಗದೆ ಹಸಿವಿನಿಂದ ಸತ್ತಿರಬೇಕೆಂದು ವಿಜ್ಞಾನಿಗಳು ಹೇಳಿದರು. 2022ರ ಅಕ್ಟೋಬರಿನಲ್ಲಿ ಅಲಾಸ್ಕಾ ಸರ್ಕಾರ ಆ ಏಡಿಯ ಹಂಗಾಮನ್ನೇ ಮೊದಲ ಬಾರಿಗೆ ರದ್ದುಮಾಡಿತು. ಇದಕ್ಕೆ ಬಫೆಯೇ ಕಾರಣ ಎನ್ನುವುದು ಅನ್ಯಾಯ. ಬೆಚ್ಚಗಾದ ಸಮುದ್ರಕ್ಕೆ ಇಡೀ ಲೋಕ ಹೊಣೆ. ಹೇಳಬೇಕಾದದ್ದು ಬೇರೆ: ಆಚೆ ತುದಿಯಲ್ಲಿ ಹಂಗಾಮು ನಿಂತಾಗಲೂ ಈಚೆ ತುದಿಯ ಮಂಜುಗಡ್ಡೆಯ ಮೇಲೆ ರಾಶಿ ಕರಗಿದ್ದು ಕಾಣದಂತೆ ನೋಡಿಕೊಳ್ಳುವುದೇ ಬಫೆಯ ವೃತ್ತಿಧರ್ಮ. ಬೇರೆ ಕಡಲಿನ ಏಡಿ, ಬೇರೆ ಜಾತಿಯ ಏಡಿ, ಏನಾದರೂ ತಂದು ತುಂಬುತ್ತಾರೆ. ಟ್ರೇ ಖಾಲಿ ಕಂಡರೆ ಅಲ್ಲಿಗೆ ಮಾಯೆ ಹರಿಯಿತು.

ವೇಗಸ್‌ನಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, 1930ರ ದಶಕದಲ್ಲಿ ಕೊಲೊರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿದೆ. ಹಿಂದಿನ ಲೇಕ್ ಮೀಡ್ ಸರೋವರದ ಬಂಡೆಗಳ ಮೇಲೆ ನೀರು ಇಳಿದ ಗುರುತಾಗಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ. 2022ರ ಬೇಸಿಗೆಯಲ್ಲಿ ಸರೋವರದ ನೀರು ಅದರ ಪೂರ್ಣ ಸಾಮರ್ಥ್ಯದ ಕಾಲುಭಾಗದಷ್ಟಕ್ಕೆ ಇಳಿದಿತ್ತು. ವೇಗಸ್ ಕುಡಿಯುವ ನೀರಿನ ಹತ್ತರಲ್ಲಿ ಒಂಬತ್ತು ಪಾಲು ಇದರದ್ದೇ. ನೀರಿನ ವಿಷಯದಲ್ಲಿ ಮಾತ್ರ ಈ ಊರನ್ನು ಹೊಗಳಲೇಬೇಕು: ಮನೆ, ಹೋಟೆಲುಗಳ ಒಳಗೆ ಬಳಸಿದ ನೀರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶುದ್ಧಮಾಡಿ ಮತ್ತೆ ಸರೋವರಕ್ಕೆ ಬಿಡುತ್ತಾರೆ. ತಟ್ಟೆ ತೊಳೆದ ನೀರು ವಾಪಸು ಹೋಗುತ್ತದೆ. ತಟ್ಟೆಯಲ್ಲಿ ಬಿಟ್ಟದ್ದರ ಗತಿಯೇನು? ಅದಕ್ಕೂ ಇಲ್ಲಿ ಹಳೆಯ ಉತ್ತರವಿದೆ. ನಾರ್ತ್ ಲಾಸ್ ವೇಗಸ್‌ನಲ್ಲಿ 1960ರ ದಶಕದಿಂದ ಇದ್ದ ಆರ್.ಸಿ. ಫಾರ್ಮ್ಸ್ ಎಂಬ ಹಂದಿ ಸಾಕಣೆಯವರು ಕ್ಯಾಸಿನೋ ಬಫೆಗಳ ಎಂಜಲನ್ನು ಲಾರಿಗಟ್ಟಲೆ ತಂದು, ಕಾನೂನಿನಂತೆ ಚೆನ್ನಾಗಿ ಕುದಿಸಿ, ಹಂದಿಗಳಿಗೆ ಹಾಕುತ್ತಿದ್ದರು. ಊರು ಬೆಳೆದು ವಾಸನೆಯ ದೂರು ಹೆಚ್ಚಿದ ಮೇಲೆ ಆ ಕಸುಬು ಊರಾಚೆ ಸರಿಯಿತು. ಹಾಗಾದರೆ ಏನೂ ವ್ಯರ್ಥವಾಗಲಿಲ್ಲವಲ್ಲ ಎನ್ನಬಹುದು. ಬೇರಿಂಗ್ ಸಮುದ್ರದಿಂದ ಏಡಿ, ಇಟಲಿಯಿಂದ ಚೀಸು ತರಿಸಿ ನೆವಾಡದಲ್ಲಿ ಹಂದಿ ಸಾಕುವುದಕ್ಕಿಂತ ಜೋಳ ಹಾಕಿ ಸಾಕುವುದು ಸುಲಭವಿತ್ತು ಎಂದಷ್ಟೇ ಇದಕ್ಕೆ ಉತ್ತರ. ಮತ್ತೊಂದು ಆಕ್ಷೇಪ ಇನ್ನೂ ಬಲವಾದದ್ದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ ಲೋಕದಲ್ಲಿ ಪೋಲಾಗುವ ಆಹಾರದಲ್ಲಿ ಶೇ. 60ರಷ್ಟು ಮನೆಗಳದ್ದು, ಹೋಟೆಲು, ಕ್ಯಾಂಟೀನು ಎಲ್ಲ ಸೇರಿದರೂ ಶೇ. 28. ಬಫೆಗೆ ಬೈದು ಫ್ರಿಜ್ಜಿನಲ್ಲಿ ಸೊಪ್ಪು ಕೊಳೆಯಲು ಬಿಡುವವರು ಮಾತಾಡುವ ಹಕ್ಕು ಕಳೆದುಕೊಂಡಿರುತ್ತಾರೆ. ಒಪ್ಪಬೇಕಾದ ಮಾತು. ಆದರೆ ಮನೆಯ ಪೋಲು ಮರೆವಿನದು, ಆಲಸ್ಯದ್ದು. ಬಫೆಯದು ವ್ಯವಸ್ಥೆಯೇ ಬಯಸಿ ತಂದುಕೊಂಡದ್ದು. ಕೊನೆಯ ಗಿರಾಕಿ ಬರುವವರೆಗೂ ಟ್ರೇ ತುಂಬಿರಬೇಕೆಂದರೆ ಕೊನೆಯ ಟ್ರೇ ಚೆಲ್ಲಲೇಬೇಕು.

ಹೊಟ್ಟೆ ತುಂಬ ಎಷ್ಟು ಬೇಕಾದರೂ ಎನ್ನುವ ಊಟ ನಮಗೇನು ಹೊಸದಲ್ಲ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ, ತುಮಕೂರಿನ ಸಿದ್ಧಗಂಗೆಯಲ್ಲಿ, ಊರೂರಿನಿಂದ ಭಕ್ತರು ಜೋಳದ ರೊಟ್ಟಿ ಹೊತ್ತು ತರುವ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಉಣ್ಣುವವರಿಗೆ ಲೆಕ್ಕವಿಲ್ಲ, ಹಾಕಿಸಿಕೊಳ್ಳಲು ತಡೆಯಿಲ್ಲ. ಆದರೂ ಅಲ್ಲಿ ಯಾರೂ ಮೂರು ಸುತ್ತು ತಿಂದು ಸುಸ್ತಾಗಿ ಒರಗುವುದಿಲ್ಲ. ಭಕ್ತಿಯಿಂದ ಮಾತ್ರವಲ್ಲ, ದುಡ್ಡು ಕೊಟ್ಟಿಲ್ಲವಾದ್ದರಿಂದ ವಸೂಲಿಯ ಹಟವೂ ಇಲ್ಲ, ಅನ್ನ-ಸಾರಿನ ನಂತರ ನಾಲಿಗೆಯನ್ನು ಮತ್ತೆ ಕೆರಳಿಸುವ ಹೊಸ ರುಚಿಗಳ ಸಂತೆಯೂ ಇಲ್ಲ. ಇದು ದಾನದ ಊಟ, ಹೋಲಿಕೆ ಸಲ್ಲದು ಎಂದರೆ ಹುಬ್ಬಳ್ಳಿ, ವಿಜಯಪುರದ ಖಾನಾವಳಿಗೆ ಬರೋಣ. ಅಲ್ಲಿ ವೇಗಸ್‌ನದೇ ಕರಾರು: ಒಂದು ಊಟಕ್ಕೆ ಒಂದು ದರ, ರೊಟ್ಟಿ ಬೇಕಾದಷ್ಟು. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ ಮುಗಿದಂತೆ ಮತ್ತೆ ಬರುತ್ತವೆ. ವ್ಯತ್ಯಾಸ ಒಂದೇ. ಐದನೆಯ ರೊಟ್ಟಿಗೆ ‘ಅಕ್ಕಾರ, ಇನ್ನೊಂದು ಹಾಕ್ರಿ’ ಎಂದು ಕೂಗಬೇಕು, ಅಕ್ಕ ಕೇಳಿಸಿಕೊಂಡು ನಿಮ್ಮ ಕಡೆ ನೋಡಿ ತಂದು ಹಾಕಬೇಕು. ಹಸಿದವನು ಕೂಗುತ್ತಾನೆ, ಬರೀ ಚಪಲವಿದ್ದವನು ಕೂಗುವ ಮುಂಚೆ ಹೊಟ್ಟೆಯನ್ನು ಒಂದು ಮಾತು ಕೇಳುತ್ತಾನೆ. ಎಲೆ ಊಟದಲ್ಲಿ ಬಗೆಗಳು ಕಡಿಮೆಯೇನಲ್ಲ, ರೋಲ್ಸ್ ಅವರ ಸ್ಯಾಂಡ್‌ವಿಚ್ಚಿನ ತರ್ಕ ಅಲ್ಲಿಗೂ ಹೊಂದಬೇಕಲ್ಲವೇ ಎಂದು ಕೇಳಬಹುದು. ಹೊಂದುತ್ತದೆ. ಆದರೆ ಅಲ್ಲಿ ರುಚಿಗಳಿಗೆ ಸರದಿಯಿದೆ, ಸಾರಿನ ನಂತರ ಹುಳಿ, ಆಮೇಲೆ ಸಿಹಿ, ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು. ಬಫೆಯಲ್ಲಿ ಮಜ್ಜಿಗೆ ಬರುವುದೇ ಇಲ್ಲ. ಕೇಕು ತಿಂದವನು ಮತ್ತೆ ಸೀಗಡಿಗೆ ಹೋಗಬಹುದು, ಹೋಗುತ್ತಾನೆ ಕೂಡ.

ಇಷ್ಟು ಹೇಳಿ ನಮ್ಮ ಪಂಕ್ತಿಗೆ ಮಂಗಳಾರತಿ ಎತ್ತುವುದು ಬೇಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 2012ರ ಸುಮಾರಿಗೆ ಕಲ್ಯಾಣ ಮಂಟಪಗಳ ಸಮೀಕ್ಷೆ ಮಾಡಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತದೆಂದು ಅಂದಾಜು ಮಾಡಿದ್ದರು. ಅದರಲ್ಲಿ ಎಲೆಯ ಪಾಲೂ ಧಾರಾಳವಾಗಿತ್ತು. ಎಲೆಯಲ್ಲಿ ಪೋಲು ಮಾಡಿಸುವುದು ಉಪಚಾರ. ಎಲೆಗೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಬೀಳುತ್ತದೆ, ‘ಇನ್ನೊಂದೇ ಒಂದು, ನಮಗೋಸ್ಕರ’ ಎಂಬ ಒತ್ತಾಯದ ಜೊತೆ. ಬೇಡವೆಂದರೆ ಮುನಿಸು. ಅಂದರೆ ಬಡಿಸುವವನು ಇದ್ದ ಮಾತ್ರಕ್ಕೆ ಮಿತಿ ಇರುತ್ತದೆ ಎಂದಲ್ಲ; ಅವನು ನಮ್ಮ ಮಾತು ಕೇಳಿಸಿಕೊಳ್ಳುವವನೂ ಆಗಿರಬೇಕು. ಈ ದೃಷ್ಟಿಯಿಂದ ನಮ್ಮ ನಗರಗಳ ಬಾರ್ಬೆಕ್ಯೂ ನೇಷನ್‌ನಂಥ ಹೋಟೆಲುಗಳಲ್ಲಿ ಮೇಜಿನ ಮೇಲೆ ನಿಲ್ಲಿಸುವ ಪುಟ್ಟ ಬಾವುಟ ನನಗೆ ಇಡೀ ಬಫೆ ಲೋಕದ ಜಾಣ ವಸ್ತುವಾಗಿ ಕಾಣುತ್ತದೆ. ಅದು ನಿಂತಿರುವವರೆಗೆ ಕಬಾಬಿನ ಸೀಕುಗಳು ಬರುತ್ತಲೇ ಇರುತ್ತವೆ, ಇಳಿಸಿದರೆ ನಿಲ್ಲುತ್ತವೆ. ಉಪಚಾರದ ಒತ್ತಾಯವಿಲ್ಲ, ಕೂಗುವ ಮುಜುಗರವಿಲ್ಲ, ಆದರೆ ಸಾಕು ಎನ್ನುವುದಕ್ಕೊಂದು ಕೈಕೆಲಸ ಉಳಿದಿದೆ. ಸೀಕಿನಲ್ಲೇ ಹೊಟ್ಟೆ ತುಂಬಿಸಿ ಬಿರಿಯಾನಿಯ ಕಡೆ ಹೋಗದಂತೆ ಮಾಡುವ ಲೆಕ್ಕವೂ ಅದರಲ್ಲಿದೆ, ವ್ಯಾಪಾರ ಯಾವಾಗಲೂ ವ್ಯಾಪಾರವೇ. ಮದುವೆಗಳಲ್ಲೂ ಈಗ ಬಫೆ ಸಾಲಿನ ಪಕ್ಕದಲ್ಲಿ ಬಿಸಿ ದೋಸೆ, ಚಾಟ್‌ಗಳ ಕೌಂಟರ್ ಇಡುತ್ತಾರೆ. ಜನ ಟ್ರೇಗಳನ್ನು ಬಿಟ್ಟು ಅಲ್ಲಿಯೇ ಸಾಲುಗಟ್ಟುತ್ತಾರೆ. ಕಾವಲಿಯ ಮುಂದೆ ಕಾದು, ‘ಒಂದೇ ಸಾಕು, ಸ್ವಲ್ಪ ಗರಿಗರಿಯಾಗಿ’ ಎಂದು ಹೇಳಿ ಹಾಕಿಸಿಕೊಂಡ ದೋಸೆ ತಟ್ಟೆಯಲ್ಲಿ ಉಳಿಯುವುದು ಅಪರೂಪ.

ಇತ್ತ ವೇಗಸ್‌ನಲ್ಲಿ ಬಫೆಗಳೇ ಕರಗುತ್ತಿವೆ. 1990ರ ದಶಕ ಮುಗಿಯುವ ಹೊತ್ತಿಗೆ ಸ್ಟ್ರಿಪ್‌ನ ದೊಡ್ಡ ಕ್ಯಾಸಿನೋಗಳ ವರಮಾನ ಜೂಜಿಗಿಂತ ಕೋಣೆ, ಊಟ, ಮನರಂಜನೆಗಳಿಂದಲೇ ಹೆಚ್ಚಾಗತೊಡಗಿತ್ತು. ಕಂಪನಿಗಳು ಪ್ರತಿಯೊಂದು ವಿಭಾಗವೂ ತನ್ನ ಕಾಲ ಮೇಲೆ ನಿಲ್ಲಲಿ ಎಂದವು. ಊಟದಲ್ಲಿ ಕಳೆದು ಜೂಜಿನಲ್ಲಿ ತುಂಬಿಕೊಳ್ಳುವ ಹಳೆಯ ಲೆಕ್ಕ ಮುಗಿಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಎಲ್ಲ ಬಫೆಗಳೂ ಮುಚ್ಚಿದವು. ಎಷ್ಟೋ ಮತ್ತೆ ತೆರೆಯಲೇ ಇಲ್ಲ. ಸ್ಟ್ರಿಪ್‌ನಲ್ಲಿ ಉಳಿದವು ಬೆರಳೆಣಿಕೆಯಷ್ಟು, ಅವೂ ಈಗ ಅಗ್ಗದ ಊಟವಲ್ಲ, ಒಂದು ದಿನದ ವೈಭೋಗ. ಮುಚ್ಚಿದ ಕೆಲವು ಕಡೆ ಫುಡ್ ಹಾಲ್‌ಗಳು ಬಂದಿವೆ. ಅಲ್ಲಿ ಹತ್ತು ಮಳಿಗೆ, ಪ್ರತಿ ಪದಾರ್ಥಕ್ಕೆ ಬೇರೆ ದರ. ಪೋಲು ಕಡಿಮೆ, ಅಡುಗೆ ಬಿಸಿ, ಬೇಕಾದಷ್ಟೇ ಹೇಳಿ ತರಿಸಬಹುದು. ಈ ಲೇಖನದ ತರ್ಕ ಹಿಡಿದು ಹೋದರೆ ಇದು ಒಳ್ಳೆಯ ಸುದ್ದಿಯೇ ಆಗಬೇಕು. ಪೂರ್ತಿ ಹಾಗೆನಿಸುವುದಿಲ್ಲ. ಸ್ಟ್ರಿಪ್‌ನಿಂದ ದೂರದ ಬಡಾವಣೆಗಳ ಕ್ಯಾಸಿನೋಗಳಲ್ಲಿ ಬಫೆಯ ಕಾಯಂ ಗಿರಾಕಿಗಳಾಗಿದ್ದವರು ಪ್ರವಾಸಿಗರಲ್ಲ, ಊರಿನಲ್ಲೇ ನೆಲೆಸಿದ ನಿವೃತ್ತರು. ಬೆಳಗ್ಗೆ ತಡವಾಗಿ ಬಂದು, ಒಂದು ತಟ್ಟೆ ಊಟ, ಒಂದು ತುಂಡು ಪೈ, ಎರಡು ಕಪ್ ಕಾಫಿ ಮುಗಿಸಿ, ಪರಿಚಯದ ಸರ್ವರ್ ಹೆಂಗಸಿನ ಮೊಮ್ಮಕ್ಕಳ ಕ್ಷೇಮ ಕೇಳಿಕೊಂಡು ಹೋಗುತ್ತಿದ್ದ ಮುದುಕ-ಮುದುಕಿಯರು. ಅವರು ತಿನ್ನುತ್ತಿದ್ದದ್ದು ಅಷ್ಟೇ. ಮೂರು ತಟ್ಟೆ ತಿನ್ನುವವನ ಖರ್ಚನ್ನು ನಿಜವಾಗಿ ತುಂಬಿಕೊಡುತ್ತಿದ್ದವರೇ ಅವರು. ಫುಡ್ ಹಾಲ್‌ನಲ್ಲಿ ಅದೇ ಒಂದು ತಟ್ಟೆ, ಒಂದು ಪೈ, ಎರಡು ಕಾಫಿ ಮೂರು ಮಳಿಗೆಗಳ ಮೂರು ಬಿಲ್ಲು. ಬಹಳ ಕಡೆ ಕೇಳಬೇಕಾದದ್ದು ಒಂದು ಸ್ಕ್ರೀನಿನ ಹತ್ತಿರ, ಅದರ ಅಕ್ಷರ ಅವರಿಗೆ ಸಣ್ಣದು.